ಅರವತ್ತಾರು ಎಂದು ಎಣಿಸಿದವರು ಯಾರು? ಶಾಸ್ತ್ರದ ಅಧಿಕಾರ ಮತ್ತು ಹಳೆಯ ಸಭೆಗಳನ್ನು ಕುರಿತು ಒಂದು ಚರ್ಚೆ

ಪ್ರಶ್ನೆ ಎತ್ತಿದವರು

ನನ್ನ ಸಂದೇಹ ಹುಟ್ಟಿದ್ದು ವಾಗ್ವಾದದಿಂದಲ್ಲ, ಒಂದು ಪಾಠದ ತಯಾರಿಯಿಂದ. ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ನಾನು ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯವನ್ನು ಕಲಿಸಬೇಕಾಗಿತ್ತು. ನಂಬಿಕೆಯಿಂದ ಬಾಳಿದವರ ಆ ದೀರ್ಘ ಪಟ್ಟಿಯಲ್ಲಿ ಬರುವ ಒಬ್ಬೊಬ್ಬರ ಎದುರಿಗೂ ಅವರ ಕಥೆ ಹಳೆಯ ಒಡಂಬಡಿಕೆಯ ಯಾವ ಪುಸ್ತಕದಲ್ಲಿದೆ ಎಂದು ಬರೆದುಕೊಳ್ಳುತ್ತ ಹೋದೆ. ಹೇಬೆಲ, ನೋಹ, ಅಬ್ರಹಾಮ, ರಾಹಾಬ ಎಲ್ಲರೂ ಸುಲಭವಾಗಿ ಸಿಕ್ಕರು. ಸಿಂಹಗಳ ಬಾಯಿ ಕಟ್ಟಿದವನು ದಾನಿಯೇಲ, ಬೆಂಕಿಯ ಬಲವನ್ನು ಆರಿಸಿದವರು ಅವನ ಮೂವರು ಸ್ನೇಹಿತರು. 35ನೆಯ ವಚನಕ್ಕೆ ಬಂದಾಗ ನನ್ನ ಪೆನ್ಸಿಲು ನಿಂತಿತು. ಶ್ರೇಷ್ಠವಾದ ಪುನರುತ್ಥಾನವನ್ನು ಹೊಂದುವುದಕ್ಕಾಗಿ ಬಿಡುಗಡೆಯನ್ನು ಒಲ್ಲದೆ ಯಾತನೆಯನ್ನು ಅನುಭವಿಸಿದವರು ಯಾರು? ನನ್ನ ಪ್ರಾಟೆಸ್ಟಂಟ್ ಸತ್ಯವೇದದ 66 ಪುಸ್ತಕಗಳಲ್ಲಿ ಅವರು ಸಿಗಲಿಲ್ಲ. ಸಿಕ್ಕಿದ್ದು ಎರಡನೆಯ ಮಕ್ಕಬಿಯರ ಗ್ರಂಥದ 7ನೆಯ ಅಧ್ಯಾಯದಲ್ಲಿ: ಏಳು ಮಂದಿ ಅಣ್ಣತಮ್ಮಂದಿರು, ಅವರು ಒಬ್ಬೊಬ್ಬರಾಗಿ ಸಾಯುವುದನ್ನು ಕಂಡೂ ಧೈರ್ಯ ಹೇಳಿದ ತಾಯಿ. ಆ ಗ್ರಂಥ ನನ್ನ ಸತ್ಯವೇದದಲ್ಲಿ ಇಲ್ಲ.

ಹಾಗಾದರೆ ಯಾವ ಪುಸ್ತಕಗಳು ಇರಬೇಕೆಂದು ಹೇಳಿದವರು ಯಾರು? ಸತ್ಯವೇದವೇ ಅದನ್ನು ಎಲ್ಲಿಯೂ ಪಟ್ಟಿ ಮಾಡಿ ಹೇಳುವುದಿಲ್ಲ. ನಮಗೆ ಉಳಿದುಬಂದಿರುವ ಬರಹಗಳಲ್ಲಿ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು, ಒಂದು ಹೆಚ್ಚಿಲ್ಲದೆ ಒಂದು ಕಡಿಮೆಯಿಲ್ಲದೆ, ಸ್ಪಷ್ಟವಾಗಿ ಹೇಳಿದವುಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುವುದು ಅಲೆಕ್ಸಾಂಡ್ರಿಯದ ಬಿಷಪರಾಗಿದ್ದ ಅಥನಾಸಿಯಸರು 367ರಲ್ಲಿ ಬರೆದ ಪಾಸ್ಕ (ಈಸ್ಟರ್) ಹಬ್ಬದ ಸುತ್ತೋಲೆಯನ್ನು. ಅದಕ್ಕೆ ಕೆಲವು ದಶಕಗಳ ಮೊದಲು ಸಭೆಯ ಇತಿಹಾಸ ಬರೆದ ಯೂಸೆಬಿಯಸರು ಯಾಕೋಬ, ಯೂದ, 2 ಪೇತ್ರ, 2 ಮತ್ತು 3 ಯೋಹಾನ ಪತ್ರಿಕೆಗಳನ್ನು ವಿವಾದಕ್ಕೊಳಗಾದವುಗಳೆಂದು ಬರೆದಿದ್ದರು. ನಾಲ್ಕನೆಯ ಶತಮಾನದ, ಸತ್ಯವೇದದ ಸಿನಾಯ್ ಹಸ್ತಪ್ರತಿಯಲ್ಲಿ ಬಾರ್ನಬನ ಹೆಸರಿನ ಪತ್ರಿಕೆಯೂ ಹೆರ್ಮಾಸನ ‘ಕುರುಬ’ನೂ ಸೇರಿವೆ. ಮುಂದೆ 393ರಲ್ಲಿ ಹಿಪ್ಪೊ, 397ರಲ್ಲಿ ಕಾರ್ಥೇಜ್ ನಗರಗಳಲ್ಲಿ ಕೂಡಿದ ಬಿಷಪರು ಪಟ್ಟಿಯನ್ನು ಒಪ್ಪಿದರು. ಅವರು ಒಪ್ಪಿದ ಹಳೆಯ ಒಡಂಬಡಿಕೆಯಲ್ಲಿ ಮಕ್ಕಬಿಯರ ಗ್ರಂಥಗಳೂ ಇದ್ದವು.

ಅವರು ಪುಸ್ತಕಗಳನ್ನು ಗುರುತಿಸುವಾಗ ಪವಿತ್ರಾತ್ಮನು ನಡೆಸಿದನೆಂದು ನಾನು ನಂಬುತ್ತೇನೆ. ಆದರೆ ಅದೇ ಬಿಷಪರು ಕರ್ತನ ಭೋಜನದ ರೊಟ್ಟಿಯನ್ನು ಕ್ರಿಸ್ತನ ಶರೀರವೆಂದಾಗ, ಸತ್ತವರನ್ನು ಪ್ರಾರ್ಥನೆಯಲ್ಲಿ ನೆನೆದಾಗ, ಅಪೊಸ್ತಲರಿಂದ ಕೈಯಿಂದ ಕೈಗೆ ಬಂದ ಅಧಿಕಾರ ತಮ್ಮದೆಂದಾಗ, ದಾರಿ ತಪ್ಪಿದರು ಎನ್ನುತ್ತೇನೆ. ಒಂದೇ ಬಾಯಿಯ ಒಂದು ಮಾತನ್ನು ದೈವಪ್ರೇರಣೆಯ ಫಲವೆಂದೂ ಮತ್ತೊಂದನ್ನು ಮನುಷ್ಯರ ಕಟ್ಟಳೆಯೆಂದೂ ಬೇರ್ಪಡಿಸುವ ಅಳತೆಗೋಲು ನನ್ನ ಬಳಿ ಯಾವುದಿದೆ? ‘ದೈವಪ್ರೇರಿತವಾದ ಪ್ರತಿಯೊಂದು ಶಾಸ್ತ್ರ’ ಎಂಬ 2 ತಿಮೊಥೆಯ 3:16ನ್ನು ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಈಗ ಓದಿದರೆ ಅಲ್ಲಿ ‘ಉಪಯುಕ್ತ’ ಎಂದಿದೆಯೇ ಹೊರತು ‘ಅದೊಂದೇ ಸಾಕು’ ಎಂದಿಲ್ಲ. ತಿಮೊಥೆಯನು ಬಾಲ್ಯದಿಂದ ತಿಳಿದಿದ್ದ ಶಾಸ್ತ್ರದಲ್ಲಿ ಹೊಸ ಒಡಂಬಡಿಕೆ ಇರುವುದಕ್ಕೂ ಸಾಧ್ಯವಿರಲಿಲ್ಲ. ಬದಲಿಗೆ 2 ಥೆಸಲೋನಿಕ 2:15ರಲ್ಲಿ, ಬಾಯಿಮಾತಿನಿಂದಾಗಲಿ ಪತ್ರದಿಂದಾಗಲಿ ಕಲಿಸಿದ್ದನ್ನು ಹಿಡಿದುಕೊಳ್ಳಿರಿ ಎಂದು ಪೌಲನು ಎರಡನ್ನೂ ಒಟ್ಟಿಗೆ ಹೇಳುತ್ತಾನೆ.

ಪ್ರಾಟೆಸ್ಟಂಟ್ ಸುಧಾರಣೆಗೂ ಮೊದಲಿನಿಂದ ಇರುವ ಒಂದು ಹಳೆಯ ಸಭೆಯ ಆರಾಧನೆಗೆ ಎರಡು ಸಲ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬಂದಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಸಭಾಪಾಲಕರೊಬ್ಬರು

ಸಹೋದರರೇ, ಮಕ್ಕಳ ಪಾಠಕ್ಕೆ ಇಷ್ಟು ಶ್ರದ್ಧೆಯಿಂದ ತಯಾರಿ ಮಾಡುವವರು ನಿಮ್ಮಂತೆ ಇನ್ನೂ ನಾಲ್ಕು ಮಂದಿ ಇದ್ದಿದ್ದರೆ ನಮ್ಮ ಸಭೆಗಳು ಈ ಪ್ರಶ್ನೆಗೆ ಇಷ್ಟು ತಡವಾಗಿ ಎಚ್ಚರಗೊಳ್ಳುತ್ತಿರಲಿಲ್ಲ. ಮೊದಲು ಒಂದು ತಪ್ಪೊಪ್ಪಿಗೆ: ‘ಶಾಸ್ತ್ರ ಮಾತ್ರ’ ಎಂಬ ಹದಿನಾರನೆಯ ಶತಮಾನದ ಪ್ರಾಟೆಸ್ಟಂಟ್ ಸುಧಾರಕರ ಮಾತನ್ನು ನಾವು ಉಪದೇಶಪೀಠದಿಂದ ಬಹಳ ತೆಳುವಾಗಿ ಕಲಿಸಿದ್ದೇವೆ. ‘ನಾನು, ನನ್ನ ಸತ್ಯವೇದ, ನಡುವೆ ಯಾರೂ ಬೇಡ’ ಎಂಬ ಅರ್ಥದಲ್ಲಿ ಲೂಥರ್ ಆಗಲಿ ಕ್ಯಾಲ್ವಿನ್ ಆಗಲಿ ಅದನ್ನು ಹೇಳಲಿಲ್ಲ. ಅವರಿಬ್ಬರೂ ಅಗಸ್ಟೀನರನ್ನು ಪುಟಗಟ್ಟಲೆ ಉಲ್ಲೇಖಿಸಿದರು, ನೈಸಿಯದ ವಿಶ್ವಾಸಪ್ರಮಾಣವನ್ನು ಕೈಬಿಡಲಿಲ್ಲ. ಅವರ ವಾದ ಇಷ್ಟೆ: ಸಭೆ, ಪರಿಷತ್ತು, ಪಿತೃಗಳು (ಆದಿ ಸಭೆಯ ಬೋಧಕರು), ವಿಶ್ವಾಸಪ್ರಮಾಣ ಎಲ್ಲಕ್ಕೂ ಅಧಿಕಾರವಿದೆ, ಆದರೆ ತಪ್ಪಿಲ್ಲದ ಅಧಿಕಾರ ಶಾಸ್ತ್ರಕ್ಕೆ ಮಾತ್ರ, ಉಳಿದವುಗಳನ್ನು ಅದರಿಂದ ಅಳೆಯಬೇಕು, ಅದನ್ನು ಉಳಿದವುಗಳಿಂದ ಅಳೆಯಬಾರದು. 1571ರ ಆಂಗ್ಲಿಕನ್ ಮೂವತ್ತೊಂಬತ್ತು ವಿಧಿಗಳಲ್ಲಿ 6ನೆಯದು ರಕ್ಷಣೆಗೆ ಬೇಕಾದುದೆಲ್ಲ ಶಾಸ್ತ್ರದಲ್ಲಿದೆ ಎನ್ನುತ್ತದೆ. ಅದೇ ದಾಖಲೆಯ 20ನೆಯದು ನಂಬಿಕೆಯ ವಿವಾದಗಳಲ್ಲಿ ಸಭೆಗೆ ಅಧಿಕಾರವಿದೆ ಎಂದೂ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಓದುವ ಅಭ್ಯಾಸವನ್ನು ನಾವು ಕಳೆದುಕೊಂಡೆವು.

ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಒರೆಗಲ್ಲಿಗೆ ಉಜ್ಜಿ ಇದು ಚಿನ್ನ ಎಂದು ಹೇಳುವ ಅಕ್ಕಸಾಲಿ ಚಿನ್ನವನ್ನು ಹುಟ್ಟಿಸಿದವನಲ್ಲ. ಸಭೆ ಪುಸ್ತಕಗಳಿಗೆ ಅಧಿಕಾರವನ್ನು ಕೊಡಲಿಲ್ಲ, ಅವುಗಳಲ್ಲಿದ್ದ ಅಧಿಕಾರವನ್ನು ಗುರುತಿಸಿತು. ನಾಲ್ಕು ಸುವಾರ್ತೆಗಳೂ ಪೌಲನ ಪತ್ರಿಕೆಗಳೂ ಯಾವ ಪರಿಷತ್ತಿನ ತೀರ್ಪಿಗೂ ಕಾಯದೆ ಎರಡನೆಯ ಶತಮಾನದಲ್ಲಿಯೇ ಬಹುಪಾಲು ಕಡೆ ಓದಲ್ಪಡುತ್ತಿದ್ದವು. ನೀವು ಹೆಸರಿಸಿದ ಅಥನಾಸಿಯಸರೇ ಪವಿತ್ರ ಶಾಸ್ತ್ರಗಳು ಸತ್ಯವನ್ನು ಸಾರುವುದಕ್ಕೆ ಸಾಕು ಎಂದು ಬರೆದಿದ್ದಾರೆ. ಅವರ ಸಮಕಾಲೀನರಾದ ಜೆರುಸಲೇಮಿನ ಸಿರಿಲರು, ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರಿಗೆ, ನಾನು ಹೇಳುವುದಕ್ಕೆ ಶಾಸ್ತ್ರದಿಂದ ಆಧಾರ ಸಿಗದ ಹೊರತು ನನ್ನನ್ನೇ ನಂಬಬೇಡಿ ಎಂದು ಬೋಧಿಸಿದರು. ಬಿಷಪರೊಬ್ಬರ ಬಾಯಿಂದ ಬಂದ ಮಾತಿದು.

ಮಕ್ಕಬಿಯರ ಗ್ರಂಥದ ಬಗ್ಗೆ ನೀವು ಅವಸರದ ತೀರ್ಮಾನಕ್ಕೆ ಬಂದಿದ್ದೀರಿ ಎನಿಸುತ್ತದೆ. ಇಬ್ರಿಯ ಪತ್ರಿಕೆ ಅದನ್ನು ನೆನೆಯುತ್ತದೆ, ನಿಜ. ಯೂದನ ಪತ್ರಿಕೆಯೂ ಹನೋಕನ ಗ್ರಂಥದ ಮಾತನ್ನು ಎತ್ತಿ ಹೇಳುತ್ತದೆ, ಆದರೂ ರೋಮಿನ ಸಭೆ ಹನೋಕನನ್ನು ಪಟ್ಟಿಗೆ ಸೇರಿಸಿಲ್ಲ. ಹೀಬ್ರೂ ಭಾಷೆಯಲ್ಲಿ ಉಳಿಯದ ಗ್ರಂಥಗಳನ್ನು ಪಟ್ಟಿಯಿಂದ ಹೊರಗಿಡಬೇಕೆಂದು ವಾದಿಸಿದವರು ಲೂಥರರಿಗಿಂತ ಸಾವಿರ ವರ್ಷಗಳಿಗೂ ಹಿಂದಿನ ಜೆರೋಮರು. ಲೂಥರರನ್ನು ಎದುರಿಸಿದ ಕಾರ್ಡಿನಲ್ ಕಜೆತಾನರೇ ಈ ವಿಷಯದಲ್ಲಿ ಜೆರೋಮರ ಪಕ್ಷ ಹಿಡಿದಿದ್ದರು. ಕಥೋಲಿಕ ಸಭೆಯ ಟ್ರೆಂಟ್ ಪರಿಷತ್ತು 1546ರ ಏಪ್ರಿಲ್ 8ರಂದು ಬಾಗಿಲು ಮುಚ್ಚುವವರೆಗೂ ಅದು ತೆರೆದ ಪ್ರಶ್ನೆಯೇ ಆಗಿತ್ತು. ಇನ್ನು ಬಾಯಿಮಾತಿನ ಪರಂಪರೆ. ಮಾರ್ಕ 7ರಲ್ಲಿ ಯೇಸುಸ್ವಾಮಿ ಖಂಡಿಸಿದ ‘ಕೊರ್ಬಾನ್’ ಕಟ್ಟಳೆಯೂ (ದೇವರಿಗೆ ಮೀಸಲು ಎಂದು ಹೇಳಿ ತಂದೆತಾಯಿಗಳಿಗೆ ಕೊಡಬೇಕಾದುದನ್ನು ತಪ್ಪಿಸುವುದು) ಹಿರಿಯರಿಂದ ಬಂದ ಸಂಪ್ರದಾಯವೆಂದೇ ಹೇಳಲ್ಪಡುತ್ತಿತ್ತು ಎಂಬುದನ್ನು ಮರೆಯಬೇಡಿ.

ಕಥೋಲಿಕ ಸದಸ್ಯರು

ಪಾಸ್ಟರ್ ಅವರ ಉತ್ತರ ಗೌರವಕ್ಕೆ ತಕ್ಕದ್ದು. ನಾವು ‘ಪ್ರೇಷಿತರು’ ಎನ್ನುವವರನ್ನು ನೀವು ‘ಅಪೊಸ್ತಲರು’ ಎನ್ನುತ್ತೀರಿ, ನಮ್ಮ ‘ಪರಮಪ್ರಸಾದ’ ನಿಮಗೆ ‘ಕರ್ತನ ಭೋಜನ’. ಒಂದೇ ಕನ್ನಡದಲ್ಲಿ ಎರಡು ನಿಘಂಟುಗಳನ್ನು ಇಟ್ಟುಕೊಂಡಿರುವ ನಾವು ಒಬ್ಬರ ಮಾತು ಒಬ್ಬರಿಗೆ ಕೇಳಿಸುವಷ್ಟು ಹತ್ತಿರ ಕುಳಿತದ್ದೇ ಕಡಿಮೆ.

ಜೆರೋಮರ ವಿಷಯದಲ್ಲಿ ಅವರು ಹೇಳಿದ್ದು ಸರಿ. ಆದರೆ ಜೆರೋಮರ ಮಾತನ್ನು ಅವರ ಕಾಲದ ಧರ್ಮಸಭೆ ಒಪ್ಪಲಿಲ್ಲ. ಅಗಸ್ಟೀನರು ವಿರೋಧಿಸಿದರು, ಕಾರ್ಥೇಜ್ ಸಭೆ ಬೇರೆ ದಾರಿ ಹಿಡಿಯಿತು. ಟ್ರೆಂಟ್ ಪರಿಷತ್ತು ಪ್ರಕಟಿಸಿದ ಪಟ್ಟಿಯನ್ನು ಅದಕ್ಕೆ ನೂರು ವರ್ಷ ಮೊದಲೇ, 1442ರಲ್ಲಿ, ಫ್ಲಾರೆನ್ಸ್ ಪರಿಷತ್ತು ಹೇಳಿತ್ತು. ಆದ್ದರಿಂದ ಲೂಥರರಿಗೆ ಉತ್ತರವಾಗಿ ಮಕ್ಕಬಿಯರ ಗ್ರಂಥಗಳೂ ಸೇರಿದ ಏಳು ಪುಸ್ತಕಗಳನ್ನು ತುರುಕಲಾಯಿತು ಎಂಬ ಜನಪ್ರಿಯ ಕಥೆಯನ್ನು ಬಿಡುವುದು ಒಳ್ಳೆಯದು. ಹಾಗೆಯೇ ಲೂಥರರು ಅವನ್ನು ಹರಿದೆಸೆದರು ಎಂಬ ನಮ್ಮವರ ಕಥೆಯನ್ನೂ ಬಿಡಬೇಕು: 1534ರ ಅವರ ಜರ್ಮನ್ ಬೈಬಲ್ಲಿನಲ್ಲಿ ಆ ಪುಸ್ತಕಗಳು ಎರಡು ಒಡಂಬಡಿಕೆಗಳ ನಡುವೆ ಅಚ್ಚಾಗಿದ್ದವು.

ಅಕ್ಕಸಾಲಿಯ ಹೋಲಿಕೆ ಚೆನ್ನಾಗಿದೆ, ಆದರೆ ಅದು ಪ್ರಶ್ನೆಯನ್ನು ತೀರಿಸುವುದಿಲ್ಲ. ಚಿನ್ನವನ್ನು ಅವನು ಹುಟ್ಟಿಸಲಿಲ್ಲ, ಸರಿ. ಇದು ಚಿನ್ನ, ಅದು ಹಿತ್ತಾಳೆ ಎಂಬ ಅವನ ಮಾತನ್ನು ನಂಬಿ ನಾನು ನನ್ನ ಬಾಳನ್ನೇ ಒತ್ತೆಯಿಟ್ಟಿದ್ದರೆ ಅವನ ಕಣ್ಣು ನಂಬಿಕೆಗೆ ಅರ್ಹವೇ ಎಂದು ಕೇಳಲೇಬೇಕಾಗುತ್ತದೆ. 1522ರಲ್ಲಿ ಲೂಥರರ ಕಣ್ಣಿಗೆ ಯಾಕೋಬನ ಪತ್ರ ಹುಲ್ಲಿನಂತೆ ಕಂಡಿತು. ಇಬ್ರಿಯ, ಯಾಕೋಬ, ಯೂದ, ಪ್ರಕಟನೆ ಈ ನಾಲ್ಕನ್ನೂ ಅವರು ಕ್ರಮಸಂಖ್ಯೆ ಕೊಡದೆ ಕೊನೆಗೆ ಸರಿಸಿದರು. ಅವರನ್ನು ತಿದ್ದಿದ್ದು ಶಾಸ್ತ್ರದ ವಚನವಲ್ಲ, ಶತಮಾನಗಳ ಬಳಕೆ, ಅಂದರೆ ಪರಂಪರೆ.

ಇದಕ್ಕಿಂತ ದೊಡ್ಡ ತೊಡಕು ಅರ್ಥದ್ದು. 434ರ ಸುಮಾರಿಗೆ ಲೆರಾನ್ಸಿನ ವಿನ್ಸೆಂಟರು ಇದೇ ಪ್ರಶ್ನೆಯನ್ನು ಎತ್ತಿದರು: ಶಾಸ್ತ್ರ ಪೂರ್ಣವಾಗಿದೆ, ತನಗೆ ತಾನೇ ಸಾಕು, ಹಾಗಿದ್ದ ಮೇಲೆ ಧರ್ಮಸಭೆಯ ವ್ಯಾಖ್ಯಾನ ಏಕೆ ಬೇಕು? ಶಾಸ್ತ್ರದ ಆಳದಿಂದಾಗಿ ಒಬ್ಬೊಬ್ಬರು ಒಂದೊಂದು ಅರ್ಥ ತೆಗೆಯುತ್ತಾರೆ ಎಂಬುದೇ ಅವರ ಉತ್ತರ. ಪುತ್ರನು ಸೃಷ್ಟಿಸಲ್ಪಟ್ಟವನು ಎಂದ ಏರಿಯಸನ ಕಡೆಯವರು ಶಾಸ್ತ್ರವಿಲ್ಲದೆ ವಾದಿಸಲಿಲ್ಲ. ತಂದೆಯು ನನಗಿಂತ ದೊಡ್ಡವನು ಎಂಬ ಯೋಹಾನ 14:28ನ್ನೂ ಜ್ಞಾನೋಕ್ತಿ 8:22ನ್ನೂ ಮುಂದೊಡ್ಡಿದರು. ಅವರಿಗೆ ಉತ್ತರವಾಗಿ 325ರಲ್ಲಿ ನೈಸಿಯದ ಪಿತೃಗಳು ಬಳಸಿದ, ಪುತ್ರನು ತಂದೆಯೊಡನೆ ಏಕಸತ್ವವುಳ್ಳವನು ಎಂಬ ಪದ ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ. 1529ರಲ್ಲಿ ಮಾರ್ಬುರ್ಗಿನಲ್ಲಿ ಲೂಥರ್ ಮತ್ತು ಸ್ವಿಸ್ ಸುಧಾರಕ ಝ್ವಿಂಗ್ಲಿ ಎದುರು ಬದುರು ಕುಳಿತರು. ಇಬ್ಬರಿಗೂ ಶಾಸ್ತ್ರವೇ ಪ್ರಮಾಣ, ಇಬ್ಬರಿಗೂ ಗ್ರೀಕ್ ಬರುತ್ತಿತ್ತು. ಹದಿನೈದು ವಿಷಯಗಳಲ್ಲಿ ಹದಿನಾಲ್ಕನ್ನು ಒಪ್ಪಿದ ಅವರು ‘ಇದು ನನ್ನ ದೇಹ’ ಎಂಬಲ್ಲಿ ಬೇರೆಯಾದರು. ಲೂಥರರು ಆ ಮಾತನ್ನು ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟುಕೊಂಡಿದ್ದರು. ಮುಂದಿದ್ದ ವಚನ ಅವರನ್ನು ಒಂದುಗೂಡಿಸಲಿಲ್ಲ. ಧರ್ಮಸಭೆಯ ಬೋಧನಾಧಿಕಾರ ಶಾಸ್ತ್ರದ ಮೇಲೆ ಕುಳಿತಿದೆ ಎಂದು ನಮ್ಮನ್ನು ಆಕ್ಷೇಪಿಸುವವರು ಎರಡನೆಯ ವ್ಯಾಟಿಕನ್ ಪರಿಷತ್ತು 1965ರಲ್ಲಿ ದೈವ ಪ್ರಕಟಣೆಯನ್ನು ಕುರಿತು ಹೊರಡಿಸಿದ ಸಂವಿಧಾನದ 10ನೆಯ ಪರಿಚ್ಛೇದವನ್ನು ಓದಬೇಕು. ಆ ಅಧಿಕಾರ ದೇವರ ವಾಕ್ಯಕ್ಕೆ ಮೇಲಿನದಲ್ಲ, ಅದರ ಸೇವೆಯಲ್ಲಿದೆ ಎಂದು ಅಲ್ಲಿ ನೇರವಾಗಿ ಹೇಳಿದೆ.

ಮತ್ತೊಬ್ಬರು

ಬೆರೋಯದವರು ಪೌಲನ ಮಾತನ್ನೇ ಶಾಸ್ತ್ರದೊಡನೆ ಹೋಲಿಸಿ ನೋಡಿದರು ಎಂದು ಅಪೊಸ್ತಲರ ಕೃತ್ಯಗಳು 17:11ರಲ್ಲಿದೆ. ಇಷ್ಟು ಸಾಕಲ್ಲವೇ? ಪರಿಷತ್ತು, ಪೋಪ್, ಪಟ್ಟಿ ಇವೆಲ್ಲ ಏಕೆ?

ಕಥೋಲಿಕ ಸದಸ್ಯರು

ಬೆರೋಯದವರು ಶಾಸ್ತ್ರವನ್ನು ಶೋಧಿಸಿ ಒಪ್ಪಿದ್ದು ಅದರಲ್ಲಿ ಇನ್ನೂ ಬರೆದಿರದ ಒಂದು ವರ್ತಮಾನವನ್ನು, ಅಂದರೆ ಪ್ರೇಷಿತನ ಬಾಯಿಮಾತನ್ನು. ಅದಕ್ಕೆ ಎರಡು ಅಧ್ಯಾಯ ಹಿಂದೆ, 15ರಲ್ಲಿ, ಸುನ್ನತಿಯ ವಿವಾದವನ್ನು ತೀರಿಸಿದ್ದು ಸೇರಿದ್ದ ಸಭೆ: ‘ಪವಿತ್ರಾತ್ಮನಿಗೂ ನಮಗೂ ಸರಿಯೆಂದು ತೋರಿತು’ ಎಂದು.

ಸಭಾಪಾಲಕರೊಬ್ಬರು

ಆ ಸಭೆಯಲ್ಲಿಯೂ ಯಾಕೋಬನು ಮಾತು ಮುಗಿಸಿದ್ದು ಆಮೋಸನ ಪ್ರವಾದನೆಯನ್ನು ಎತ್ತಿ ಹೇಳಿದ ಮೇಲೆಯೇ. ಎರಡೂ ಕಡೆ ಅಷ್ಟಷ್ಟು ಇದೆ, ಮುಂದುವರಿಯೋಣ.

ಆರ್ಥೊಡಾಕ್ಸ್ ಸದಸ್ಯರು

ನೀವಿಬ್ಬರೂ ನ್ಯಾಯಾಲಯದ ಭಾಷೆಯಲ್ಲಿ ಮಾತನಾಡುತ್ತಿದ್ದೀರಿ ಎನಿಸಿತು: ಅಂತಿಮ ತೀರ್ಪು ಯಾರದು, ಮೇಲ್ಮನವಿ ಎಲ್ಲಿಗೆ? ಒಬ್ಬರು ಪುಸ್ತಕವನ್ನು ನ್ಯಾಯಾಧೀಶನನ್ನಾಗಿ ಮಾಡುತ್ತೀರಿ, ಇನ್ನೊಬ್ಬರು ರೋಮಿನ ಪೀಠವನ್ನು. ಪೂರ್ವದ ಸಭೆಗಳಲ್ಲಿ ಬೆಳೆದವರಿಗೆ ಈ ಪ್ರಶ್ನೆಯೇ ಸ್ವಲ್ಪ ಪರಕೀಯ. ಶಾಸ್ತ್ರ ನಮ್ಮಲ್ಲಿ ಪರಂಪರೆಯ ಎದುರಿಗೆ ನಿಂತಿರುವ ಎರಡನೆಯ ವಸ್ತುವಲ್ಲ. ಅದು ಪರಂಪರೆಯ ಎದೆಯಲ್ಲಿರುವ ಮಾತು, ಆರಾಧನೆಯಲ್ಲಿ ಕೇಳಿಸಿಕೊಳ್ಳುವುದಕ್ಕೆಂದು ಇರುವುದು.

ಪಟ್ಟಿಯ ವಿಷಯದಲ್ಲಿ ನಾವು ಕೈ ಬಿಗಿದು ಹಿಡಿದವರಲ್ಲ. ಗ್ರೀಕ್ ಸಂಪ್ರದಾಯದಲ್ಲಿ ಮೂರನೆಯ ಮಕ್ಕಬಿಯರ ಗ್ರಂಥವೂ 151ನೆಯ ಕೀರ್ತನೆಯೂ ಇವೆ. ಇಥಿಯೋಪಿಯದ ಸಭೆ 81 ಪುಸ್ತಕಗಳನ್ನು ಎಣಿಸುತ್ತದೆ, ಪಾಸ್ಟರ್ ಅವರು ಹೆಸರಿಸಿದ ಹನೋಕನೂ ಅದರಲ್ಲಿದ್ದಾನೆ. ಪ್ರಕಟನೆ ಗ್ರಂಥ ನಮ್ಮ ಪಟ್ಟಿಯಲ್ಲಿದ್ದರೂ ಬೈಜಾಂಟಿಯನ್ ಪದ್ಧತಿಯ ಆರಾಧನೆಯ ವಾಚನಗಳಲ್ಲಿ ಅದು ಬರುವುದಿಲ್ಲ. ಪಟ್ಟಿಯಲ್ಲಿರುವುದು ಒಂದು, ಆರಾಧನೆಯಲ್ಲಿ ಓದುವುದು ಇನ್ನೊಂದು ಎಂಬ ಈ ಸಡಿಲು ಪಶ್ಚಿಮದವರಿಗೆ ಅಸಡ್ಡೆಯಂತೆ ಕಾಣಬಹುದು. ನಾಲ್ಕನೆಯ ಶತಮಾನದ ಬಾಸಿಲರು ಪವಿತ್ರಾತ್ಮನ ಕುರಿತು ಬರೆಯುತ್ತ, ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನೂ ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸುವುದನ್ನೂ ಯಾವ ಬರಹ ಕಲಿಸಿತು ಎಂದು ಕೇಳುತ್ತಾರೆ. ಬರೆಯದೆ ಬಂದದ್ದಕ್ಕೆ ಬೆಲೆಯಿಲ್ಲ ಎನ್ನುವುದಾದರೆ ಸುವಾರ್ತೆಯ ಜೀವಾಳಕ್ಕೇ ಪೆಟ್ಟು ಬೀಳುತ್ತದೆ ಎಂಬುದು ಅವರ ವಾದ.

ನಿಮ್ಮ ಪೂರ್ವಜರು ನಮ್ಮ ಬಾಗಿಲನ್ನು ತಟ್ಟಿದ್ದೂ ಉಂಟು. 1570ರ ದಶಕದಲ್ಲಿ ಟ್ಯೂಬಿಂಗನ್ನಿನ ಲೂಥರನ್ ಪಂಡಿತರು ತಮ್ಮ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣವನ್ನು ಗ್ರೀಕಿಗೆ ತಿರುಗಿಸಿ ಕಾನ್‌ಸ್ಟಾಂಟಿನೋಪಲ್ಲಿನ ಪಿತೃಪ್ರಧಾನ ಎರಡನೆಯ ಜೆರೆಮಿಯಸರಿಗೆ ಕಳುಹಿಸಿದರು. ರೋಮನ್ನು ಬಿಟ್ಟು ಬಂದ ನಮ್ಮ ನಂಬಿಕೆಯೂ ನಿಮ್ಮ ಪುರಾತನ ನಂಬಿಕೆಯೂ ಒಂದೇ ಅಲ್ಲವೇ ಎಂಬ ಆಸೆ ಅವರಿಗಿತ್ತು. ಜೆರೆಮಿಯಸರು 1576, 1579, 1581ರಲ್ಲಿ ಮೂರು ದೀರ್ಘ ಉತ್ತರಗಳನ್ನು ಬರೆದರು. ಕೆಲವನ್ನು ಮೆಚ್ಚಿದರು, ಹಲವನ್ನು ತಿದ್ದಿದರು. ಪಿತೃಗಳನ್ನು ಬಾಯಲ್ಲಿ ಹೊಗಳಿ ಕೃತಿಯಲ್ಲಿ ತಳ್ಳಿಹಾಕುತ್ತೀರಿ ಎಂದು ನೊಂದು, ಇನ್ನು ಮೇಲೆ ಸಿದ್ಧಾಂತದ ಬಗ್ಗೆ ಬರೆಯಬೇಡಿ, ಬರೆಯುವುದಾದರೆ ಸ್ನೇಹಕ್ಕಾಗಿ ಮಾತ್ರ ಬರೆಯಿರಿ ಎಂದು ಕೊನೆಯ ಪತ್ರದಲ್ಲಿ ತಿಳಿಸಿದರು. ನನಗೆ ಆ ಪತ್ರವ್ಯವಹಾರ ತುಂಬಾ ಇಷ್ಟ. ಯಾರೂ ಯಾರನ್ನೂ ಸುಡಲಿಲ್ಲ. ಆ ಶತಮಾನದಲ್ಲಿ ಅದೇ ದೊಡ್ಡ ಸಂಗತಿ.

ಹಳೆಯ ಸಭೆಗಳೆಂದು ಪ್ರಶ್ನೆ ಕೇಳಿದವರು ಬಹುವಚನದಲ್ಲಿ ಬರೆದಿದ್ದು ಸರಿಯಾಗಿದೆ. 451ರ ಕಾಲ್ಸಿಡಾನ್ ಪರಿಷತ್ತಿನ ನಂತರ ಕೋಪ್ಟಿಕ್, ಆರ್ಮೇನಿಯನ್, ಸಿರಿಯನ್ ಸಭೆಗಳು ಬೇರೆಯಾದವು. ಪವಿತ್ರಾತ್ಮನು ‘ಪುತ್ರನಿಂದಲೂ’ ಹೊರಡುತ್ತಾನೆ ಎಂದು ಪಶ್ಚಿಮದವರು ವಿಶ್ವಾಸಪ್ರಮಾಣಕ್ಕೆ ಸೇರಿಸಿದ ಮಾತಿನಿಂದ ನಾವೂ ರೋಮಿನವರೂ ದೂರವಾದೆವು. ಪರಂಪರೆಗೆ ಬರುತ್ತೇನೆ ಎನ್ನುವವರು ಯಾವ ಪರಂಪರೆಗೆ ಎಂದು ಹೇಳಬೇಕಾಗುತ್ತದೆ.

ಹೋಗಿ ಹಿಂದಿರುಗಿದವರು

ಆ ಕೊನೆಯ ವಾಕ್ಯದಲ್ಲಿ ನಾನು ಎರಡು ವರ್ಷ ಸಿಕ್ಕಿಹಾಕಿಕೊಂಡಿದ್ದೆ. ಪ್ರಾಟೆಸ್ಟಂಟ್ ಸಭೆಯನ್ನು ಬಿಟ್ಟು ಒಂದು ಹಳೆಯ ಸಭೆಯ ಬೋಧನಾ ತರಗತಿಗಳಿಗೆ ಸೇರಿ, ಸ್ವೀಕಾರದ ಹೊಸ್ತಿಲವರೆಗೆ ಹೋಗಿ ಹಿಂದಿರುಗಿದೆ. ಯಾರೂ ನನ್ನನ್ನು ನೋಯಿಸಲಿಲ್ಲ. ಹಿಂದಿರುಗಿಸಿದ್ದು ಎರಡನೆಯ ಶತಮಾನದ ಬಿಷಪ್ ಐರಿನೇಯಸರು.

ಪರಂಪರೆಯ ಪರವಾಗಿ ಎಲ್ಲರೂ ಉಲ್ಲೇಖಿಸುವುದು 180ರ ಸುಮಾರಿಗೆ ಅವರು ಪಾಷಂಡಿಗಳ ವಿರುದ್ಧ ಬರೆದ ಗ್ರಂಥವನ್ನು. ಬಣ್ಣದ ಕಲ್ಲುಗಳನ್ನು ಜೋಡಿಸಿ ರಚಿಸಿದ ರಾಜನ ಚಿತ್ರವನ್ನು ಕೆಡವಿ, ಅದೇ ಕಲ್ಲುಗಳಿಂದ ನರಿಯ ಚಿತ್ರ ಮಾಡಿ ಇದೇ ರಾಜ ಎನ್ನುವವರಂತೆ ಆ ಪಾಷಂಡಿಗಳು ಶಾಸ್ತ್ರವನ್ನು ಕೆಡಿಸುತ್ತಾರೆ ಎಂಬ ಅವರ ಹೋಲಿಕೆ ಮರೆಯಲಾಗದ್ದು. ಆದರೆ ಅದೇ ಗ್ರಂಥದ ಎರಡನೆಯ ಭಾಗದಲ್ಲಿ, ಯೇಸು ನಲವತ್ತು ದಾಟಿ ಐವತ್ತರ ಕಡೆಗೆ ವಾಲುವ ವಯಸ್ಸಿನವರೆಗೂ ಬೋಧಿಸಿದರೆಂದು ಅವರು ವಾದಿಸುತ್ತಾರೆ. ಅದಕ್ಕೆ ಸಾಕ್ಷಿಯಾಗಿ, ಏಷ್ಯದಲ್ಲಿ ಯೋಹಾನನೊಡನೆ ಇದ್ದ ಹಿರಿಯರೇ ಇದನ್ನು ಅವನಿಂದ ಕೇಳಿ ಹೇಳಿದ್ದಾರೆ ಎನ್ನುತ್ತಾರೆ. ಯೋಚಿಸಿ: ಅಪೊಸ್ತಲನಿಂದ ಹಿರಿಯರಿಗೆ, ಹಿರಿಯರಿಂದ ಬಿಷಪರಿಗೆ ಎಂದು ಇಷ್ಟು ಸ್ಪಷ್ಟವಾಗಿ ಸಾಕ್ಷಿ ಹೇಳಲ್ಪಟ್ಟ ಬಾಯಿಮಾತಿನ ಪರಂಪರೆ ಇದು, ಇಂದು ಇದನ್ನು ರೋಮೂ ನಂಬುವುದಿಲ್ಲ, ಪೂರ್ವವೂ ನಂಬುವುದಿಲ್ಲ. ಕ್ರಿಸ್ತನ ಸಾವಿರ ವರ್ಷಗಳ ಆಳ್ವಿಕೆ ಭೂಮಿಯ ಮೇಲೆಯೇ ನಡೆಯುವುದೆಂಬುದನ್ನೂ ಅವರು ಹಾಗೆಯೇ ಹಿರಿಯರ ಮಾತೆಂದು ಬರೆದರು, ಅದೂ ಕೈಬಿಟ್ಟುಹೋಯಿತು.

ಪಾಸ್ಕ ಹಬ್ಬದ ದಿನಾಂಕವನ್ನು ನೋಡಿ. ಎರಡನೆಯ ಶತಮಾನದ ನಡುವಿನಲ್ಲಿ ಸ್ಮುರ್ನದ ಪಾಲಿಕಾರ್ಪರು ರೋಮಿಗೆ ಹೋಗಿ ಅಲ್ಲಿನ ಬಿಷಪ್ ಅನಿಸೀಟಸರೊಡನೆ ಮಾತನಾಡಿದರು. ಯೆಹೂದ್ಯರ ನಿಸಾನ್ ತಿಂಗಳ 14ರಂದೇ ಆಚರಿಸಬೇಕೆಂಬುದು ಯೋಹಾನನಿಂದ ಬಂದದ್ದು ಎಂದು ಒಬ್ಬರು, ತಮ್ಮ ಹಿಂದಿನ ಹಿರಿಯರಿಂದ ಬಂದ ರೂಢಿ ತಮ್ಮದು ಎಂದು ಇನ್ನೊಬ್ಬರು. ಇಬ್ಬರಿಗೂ ಪರಂಪರೆಯೇ ಆಧಾರ, ಮಾರ್ಬುರ್ಗಿನಲ್ಲಿ ಇಬ್ಬರಿಗೂ ವಚನವೇ ಆಧಾರವಾಗಿದ್ದಂತೆ. ಸತ್ಯವಿಲ್ಲದ ರೂಢಿ ಬರಿಯ ಹಳೆಯ ತಪ್ಪು ಎಂದು ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಸಿಪ್ರಿಯಾನರು ಬರೆದದ್ದು ರೋಮಿನ ಬಿಷಪರ ನಿಲುವಿಗೆ ಎದುರಾಗಿ.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ಸ್ವಂತ ತೀರ್ಮಾನದಿಂದ ಶಾಸ್ತ್ರಕ್ಕೆ ಅರ್ಥ ಹಚ್ಚುವುದು ಅಪಾಯ ಎಂದು ಹೆದರಿ ನಾನು ಹೊರಟೆ. ಆದರೆ ರೋಮೋ, ಕಾನ್‌ಸ್ಟಾಂಟಿನೋಪಲ್ಲೋ, ಅಲೆಕ್ಸಾಂಡ್ರಿಯವೋ ಎಂದು ಆರಿಸುವಾಗ ನನ್ನ ಮೇಜಿನ ಮೇಲೆ ಪುಸ್ತಕಗಳನ್ನು ಹರಡಿಕೊಂಡು ಸಾಕ್ಷ್ಯ ತೂಗಿದವನು ಮತ್ತೆ ನಾನೇ. 1870ರಲ್ಲಿ ಪೋಪರ ಪ್ರಮಾದರಾಹಿತ್ಯವನ್ನೂ 1950ರಲ್ಲಿ ಮರಿಯಮ್ಮನವರ ಸ್ವರ್ಗಸ್ವೀಕಾರವನ್ನೂ ವಿಶ್ವಾಸದ ಸತ್ಯಗಳೆಂದು ಘೋಷಿಸಿದ್ದನ್ನು ಒಪ್ಪಬೇಕೇ ಬೇಡವೇ ಎಂಬ ತೀರ್ಪನ್ನು ಕೊಡಬೇಕಾದವನೂ ನಾನೇ. ಆ ಭಾರದಿಂದ ತಪ್ಪಿಸಿಕೊಳ್ಳಲೆಂದು ಸಭೆ ಬದಲಾಯಿಸುವವರಿದ್ದರೆ, ಅದು ತಪ್ಪುವುದಿಲ್ಲ ಎಂದು ತಿಳಿದೇ ಹೊರಡಲಿ.

ಕಥೋಲಿಕ ಸದಸ್ಯರು

ಸೋದರರೇ, ಐರಿನೇಯಸರ ಆ ಪುಟ ನಮಗೂ ಮುಜುಗರದ್ದೇ. ಆದರೆ ಅವರು ಎಲ್ಲ ಧರ್ಮಸಭೆಗಳೂ ಒಕ್ಕೊರಲಿನಿಂದ ಒಪ್ಪುವ ವಿಶ್ವಾಸದ ನಿಯಮ ಎಂದು ಹೇಳುವುದರಲ್ಲಿ ಯೇಸುವಿನ ವಯಸ್ಸು ಸೇರಿಲ್ಲ. ಒಬ್ಬ ದೇವರು, ಶರೀರಧಾರಿಯಾದ ಪುತ್ರ, ಪವಿತ್ರಾತ್ಮ, ಪುನರುತ್ಥಾನ, ನ್ಯಾಯತೀರ್ಪು ಸೇರಿವೆ. ಒಬ್ಬ ಪಿತೃವಿನ ಮಾತು ಬೇರೆ, ಪರಂಪರೆ ಬೇರೆ. ಪಾಸ್ಕದ ವಿಷಯದಲ್ಲಿ ನೀವು ಅರ್ಧ ಕಥೆಯನ್ನು ಹೇಳಿದಿರಿ: ಒಪ್ಪದೆಯೂ ಅನಿಸೀಟಸರು ಪಾಲಿಕಾರ್ಪರಿಗೆ ತಮ್ಮ ಧರ್ಮಸಭೆಯಲ್ಲಿ ಪರಮಪ್ರಸಾದದ ಪೂಜೆಯನ್ನು ನಡೆಸಲು ಬಿಟ್ಟುಕೊಟ್ಟರು, ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ಮಾರ್ಬುರ್ಗಿನಲ್ಲಿ ಆಗದೇ ಹೋದದ್ದು ಅದು. 1950ರ ಪ್ರಶ್ನೆಗೆ ನನ್ನ ಬಳಿ ಚಿಕ್ಕ ಉತ್ತರವಿಲ್ಲ. ಸಿದ್ಧಾಂತ ಬೀಜದಿಂದ ಮರವಾಗುವಂತೆ ಬೆಳೆಯುತ್ತದೆ ಎಂದು ನ್ಯೂಮನ್ ಅವರು 1845ರಲ್ಲಿ, ಆಂಗ್ಲಿಕನ್ ಸಭೆಯಿಂದ ನಮ್ಮ ಕಡೆಗೆ ಬಂದ ವರ್ಷದಲ್ಲಿಯೇ, ವಾದಿಸಿದರು; ನಾನು ಅದನ್ನು ಒಪ್ಪಿದ್ದೇನೆ, ನೀವು ಒಪ್ಪಿಲ್ಲ.

ಪ್ರಶ್ನೆ ಎತ್ತಿದವರು

ಎಲ್ಲರಿಗೂ ವಂದನೆಗಳು. ಇಷ್ಟು ದಿನ ಸುಮ್ಮನಿದ್ದದ್ದು ಅಂತಿಯೋಕ್ಯದ ಇಗ್ನೇಷಿಯಸರ ಪತ್ರಗಳನ್ನು ಓದುವುದಕ್ಕಾಗಿ. ಎರಡನೆಯ ಶತಮಾನದ ಆರಂಭದಲ್ಲಿ, ಮರಣಕ್ಕೆಂದು ರೋಮಿಗೆ ಎಳೆದೊಯ್ಯಲ್ಪಡುತ್ತ, ಕಾವಲಿನ ನಡುವೆಯೇ ಅವರು ಏಳು ಪತ್ರಗಳನ್ನು ಬರೆದರು. ಸ್ಮುರ್ನದವರಿಗೆ ಬರೆದ ಪತ್ರದಲ್ಲಿ, ಕರ್ತನ ಭೋಜನ ನಮ್ಮ ರಕ್ಷಕನ ಶರೀರವೆಂದು ಒಪ್ಪದವರು ಅದರಿಂದ ದೂರವಿರುತ್ತಾರೆ ಎಂದಿದೆ. ಬಿಷಪರಿಲ್ಲದೆ ಸಭೆಯ ಯಾವ ಕಾರ್ಯವನ್ನೂ ಮಾಡಬೇಡಿ ಎಂದಿದೆ. ಅದನ್ನು ಓದಿದ ರಾತ್ರಿ ನಾನು ಬೆಳೆದ ಸಭೆಯನ್ನು ಅವರು ಗುರುತಿಸುತ್ತಿದ್ದರೇ ಎಂಬ ಯೋಚನೆಯಲ್ಲಿ ನಿದ್ದೆ ಬರಲಿಲ್ಲ. ಮರುದಿನ ರೋಮಿನವರಿಗೆ ಬರೆದ ಪತ್ರವನ್ನು ಓದಿದೆ. ಉಳಿದ ಊರುಗಳಿಗೆ ಬರೆಯುವಾಗ ಬಿಷಪರಿಗೆ ವಿಧೇಯರಾಗಿರಿ ಎಂದು ಮತ್ತೆ ಮತ್ತೆ ಹೇಳುವ ಅವರು ರೋಮಿನ ಬಿಷಪರ ಪ್ರಸ್ತಾಪವನ್ನೇ ಮಾಡುವುದಿಲ್ಲ. ಅದೂ ನನಗೆ ಅರ್ಥವಾಗಲಿಲ್ಲ.

ಆದರೆ ನಾನು ಬಹಳ ಹೊತ್ತು ನಿಂತದ್ದು ಫಿಲದೆಲ್ಫಿಯದವರ ಪತ್ರದ 8ನೆಯ ಅಧ್ಯಾಯದಲ್ಲಿ. ಹಳೆಯ ದಾಖಲೆಗಳಲ್ಲಿ ಕಾಣದಿದ್ದರೆ ಸುವಾರ್ತೆಯಲ್ಲಿದ್ದರೂ ನಾವು ನಂಬುವುದಿಲ್ಲ ಎಂದು ಕೆಲವರು ಅವರಿಗೆ ಹೇಳಿದರಂತೆ. ಹಾಗೆಯೇ ಬರೆದಿದೆ ಎಂದು ಇಗ್ನೇಷಿಯಸರು ಉತ್ತರಿಸಿದರು; ಅದೇ ಈಗಿನ ಪ್ರಶ್ನೆ ಎಂದು ಆ ಕೆಲವರು ತಿರುಗಿ ಹೇಳಿದರು. ಇಗ್ನೇಷಿಯಸರು ವಾದವನ್ನು ಬೆಳೆಸಲಿಲ್ಲ. ತನಗೆ ದಾಖಲೆಯೆಂದರೆ ಯೇಸು ಕ್ರಿಸ್ತನೇ, ಅಳಿಸಲಾಗದ ದಾಖಲೆಯೆಂದರೆ ಆತನ ಶಿಲುಬೆ, ಮರಣ, ಪುನರುತ್ಥಾನ ಎಂದು ಬರೆದರು. ಇದನ್ನು ಶಾಸ್ತ್ರದ ಪಕ್ಷಕ್ಕೆ ಸೇರಿಸಬೇಕೇ ಪರಂಪರೆಯ ಪಕ್ಷಕ್ಕೆ ಸೇರಿಸಬೇಕೇ ಎಂದು ಪುಟವನ್ನು ಎರಡು ಸಲ ಮಗುಚಿ ನೋಡಿದೆ. ಆ ಪತ್ರ ಬರೆಯುವಾಗ ನಮ್ಮ ಎರಡು ಪಕ್ಷಗಳು ಇನ್ನೂ ಹುಟ್ಟಿರಲಿಲ್ಲ.

ನಾನು ಎಲ್ಲಿಗೂ ಹೋಗಿಲ್ಲ. ‘ಮಾತ್ರ’ ಎಂಬ ಪದವನ್ನು ಮೊದಲಿನಂತೆ ಹೇಳುವುದಕ್ಕೂ ಆಗುತ್ತಿಲ್ಲ. ಪಾಸ್ಟರ್ ಅವರು ಹೇಳಿದ ಅರ್ಥದಲ್ಲಿ, ಅಳೆಯುವ ಕೋಲು ಎಂಬ ಅರ್ಥದಲ್ಲಿ, ಅದು ಇನ್ನೂ ನಿಲ್ಲಬಹುದೇನೋ ಎಂದು ನೋಡುತ್ತಿದ್ದೇನೆ. ಮನೆಯಲ್ಲಿ ಹೇಳಿದೆ. ಮನೆಯವರು ಕೇಳಿದ್ದು ಒಂದೇ: ಭಾನುವಾರದ ಪಾಠವನ್ನು ಯಾರು ಮಾಡುತ್ತಾರೆ?

ಪಾಠವನ್ನು ನಾನೇ ಮಾಡುತ್ತೇನೆ, ಮತ್ತು ಅದು ಇನ್ನೂ 11:35ರಲ್ಲಿಯೇ ನಿಂತಿದೆ. ಪಾಸ್ಟರ್ ಅವರೇ, ಆ ತಾಯಿಯ ಮತ್ತು ಏಳು ಮಕ್ಕಳ ಕಥೆಯನ್ನು ಮಕ್ಕಬಿಯರ ಗ್ರಂಥದಿಂದಲೇ ಮಕ್ಕಳಿಗೆ ಓದಿ ಹೇಳಿದರೆ ತಪ್ಪಾಗುತ್ತದೆಯೇ?

ಸಭಾಪಾಲಕರೊಬ್ಬರು

ಓದಿ. 1611ರ ಇಂಗ್ಲಿಷ್ ಅನುವಾದದಲ್ಲಿ ನಮ್ಮವರೇ ಅದನ್ನು ಅಚ್ಚು ಹಾಕಿದ್ದರು. ಮೂವತ್ತೊಂಬತ್ತು ವಿಧಿಗಳೂ ಆ ಪುಸ್ತಕಗಳನ್ನು ಸಿದ್ಧಾಂತಕ್ಕಲ್ಲದಿದ್ದರೂ ನಡತೆಯ ಮಾದರಿಗಾಗಿ ಸಭೆ ಓದುತ್ತದೆ ಎನ್ನುತ್ತವೆ. ಇಂಥ ಪುಸ್ತಕವೊಂದು ಇದೆ ಎಂಬುದನ್ನು ನಾನು ತಿಳಿದದ್ದು ದೇವಶಾಸ್ತ್ರ ಕಲಿಯಲು ಹೋದ ಮೇಲೆ, ಮಕ್ಕಳು ಬೇಗ ತಿಳಿಯಲಿ. ಮುಗಿಸುವಾಗ ಮಾತ್ರ 11ನೆಯ ಅಧ್ಯಾಯದ ಕೊನೆಯಲ್ಲಿ ನಿಲ್ಲಿಸಬೇಡಿ, 12ರ ಮೊದಲ ಎರಡು ವಚನಗಳನ್ನೂ ಸೇರಿಸಿ ಓದಿ.